ಹಾಸನ–ಮಂಗಳೂರು ರೈಲು ಮಾರ್ಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಮಂಗಳೂರಿಗೆ ರೈಲಿನಲ್ಲಿ ಹೋಗಿಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಯಾಕೆ ಇಷ್ಟು ನಿಧಾನ? ಯಾಕೆ ಇಷ್ಟೇ ರೈಲು? ಮಳೆ ಜೋರಾದರೆ ಯಾಕೆ ರದ್ದು? ಕಾಡಿನ ಮಧ್ಯೆ ಗೂಡ್ಸ್ ಗಾಡಿಗೆ ದಾರಿ ಬಿಟ್ಟುಕೊಂಡು ನಾವು ಯಾಕೆ ನಿಂತಿರಬೇಕು? ಒಂದೊಂದನ್ನೂ ಬಿಡಿಸಿ ನೋಡಿದರೆ ಎಲ್ಲದರ ಬುಡ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಾಟಿಯಲ್ಲಿದೆ. ಆದ್ದರಿಂದ ಇಲ್ಲಿ ಘಾಟಿಯ ಮಾತೇ ಜಾಸ್ತಿ.

ಈ ಮಾರ್ಗ ಎಲ್ಲಿಂದ ಎಲ್ಲಿಗೆ ಹೋಗುತ್ತದೆ?

ಹಾಸನದಿಂದ ಆಲೂರು, ಬಾಳ್ಳುಪೇಟೆ ದಾಟಿ ಸಕಲೇಶಪುರದವರೆಗೆ ಸುಮಾರು 42 ಕಿ.ಮೀ. ಕಾಫಿ ತೋಟ, ಗದ್ದೆ ಬಯಲಿನ ದಾರಿ. ಅಲ್ಲಿಂದ ಘಾಟಿ ಶುರು. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಸ್ಟೇಷನ್‌ಗಳನ್ನು ಹಾದು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ತಲುಪಿದಾಗ ಇಳಿಜಾರು ಮುಗಿಯುತ್ತದೆ. ಆಮೇಲೆ ಕೋಡಿಂಬಾಳ, ಎಡಮಂಗಲ, ಕಾಣಿಯೂರು, ಕಬಕ ಪುತ್ತೂರು ಎಂದು ಅಡಿಕೆ ತೋಟಗಳ ನಡುವೆ ಸಾಗಿ, ನೇತ್ರಾವತಿ ದಾಟಿ ಬಿ.ಸಿ. ರೋಡಿನ ಬಂಟ್ವಾಳ ಸ್ಟೇಷನ್, ಅಲ್ಲಿಂದ ಮಂಗಳೂರು. ಒಟ್ಟು ಉದ್ದ ಸುಮಾರು 185 ಕಿ.ಮೀ.

ಹಾಸನದಿಂದ ಬೆಂಗಳೂರಿಗೆ ಮೊದಲು ಅರಸೀಕೆರೆ ಅಥವಾ ಮೈಸೂರು ಸುತ್ತಿ ಹೋಗಬೇಕಿತ್ತು. ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲ ಮೂಲಕ ನೇರ ಮಾರ್ಗ 2017ರ ಮಾರ್ಚ್‌ನಲ್ಲಿ ಆರಂಭವಾಯಿತು. ಕರಾವಳಿಯವರ ಪಾಲಿಗೆ ಇದು ದೊಡ್ಡ ಉಪಕಾರ. ಬಯಲುಸೀಮೆಯಲ್ಲಿ ಉಳಿದ ಸಮಯ ಅಷ್ಟಿಷ್ಟಲ್ಲ.

ಇದಕ್ಕೆ ಮುಂಚೆ ಮಂಗಳೂರಿಗೆ ರೈಲೇ ಇರಲಿಲ್ಲವೇ?

ಇತ್ತು. 1907ರಲ್ಲೇ ಮಂಗಳೂರಿಗೆ ರೈಲು ಬಂದಿತ್ತು. ಆದರೆ ಬಂದದ್ದು ಮದರಾಸಿನ ಕಡೆಯಿಂದ, ಮಲಬಾರ್ ಕರಾವಳಿ ಹಿಡಿದು. ಆಗಿನ ಮಂಗಳೂರು ಮದರಾಸು ಪ್ರಾಂತ್ಯದ ಊರು, ಹಾಗಾಗಿ ಹಳಿಯೂ ಆ ಕಡೆಗೇ ಮುಖ ಮಾಡಿತ್ತು. ಘಟ್ಟದ ಮೇಲಿನ ಮೈಸೂರು ಸೀಮೆಗೆ ರೈಲಿನಲ್ಲಿ ಹೋಗಬೇಕೆಂದರೆ ಪಾಲಕ್ಕಾಡ್, ಜೋಲಾರ್‌ಪೇಟೆ ಎಂದು ಪ್ರದಕ್ಷಿಣೆ ಹಾಕಬೇಕಿತ್ತು. ರಾಜ್ಯ ಒಂದಾಗಿ ದಶಕಗಳು ಕಳೆದರೂ ಸ್ವಂತ ರಾಜಧಾನಿಗೆ ನೇರ ಹಳಿಯಿಲ್ಲದ ಜಿಲ್ಲೆ ನಮ್ಮದಾಗಿತ್ತು.

ಹಾಗಾದರೆ ಘಾಟಿಯಲ್ಲಿ ಹಳಿ ಬಂದದ್ದು ಯಾವಾಗ? ಕೆಲವರು 1979 ಎನ್ನುತ್ತಾರೆ, ಕೆಲವರು 2007 ಎನ್ನುತ್ತಾರೆ.

ಎರಡೂ ಸರಿ. ಮೀಟರ್ ಗೇಜ್, ಎಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಗಲವಿರುವ ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಅದಕ್ಕೆ ಮುಖ್ಯ ಒತ್ತಾಸೆ ಪಣಂಬೂರಿನ ನವಮಂಗಳೂರು ಬಂದರು. 1975ರ ಜನವರಿಯಲ್ಲಿ ಉದ್ಘಾಟನೆಯಾದ ಆ ಬಂದರಿಗೆ ಒಳನಾಡಿನ ಸರಕು ತಲುಪಲು ದಾರಿ ಬೇಕಿತ್ತು. ಈ ಮಾತು ನೆನಪಿರಲಿ, ಗೂಡ್ಸ್ ಮತ್ತು ಪ್ರಯಾಣಿಕರ ನಡುವಿನ ಜಗಳಕ್ಕೆ ಆಮೇಲೆ ಬರೋಣ.

1990ರ ದಶಕದ ಮಧ್ಯದಲ್ಲಿ ಬ್ರಾಡ್ ಗೇಜ್ (ಇನ್ನೂ ಅಗಲದ ಹಳಿ) ಮಾಡುತ್ತೇವೆಂದು ಘಾಟಿಯನ್ನು ಮುಚ್ಚಿದರು. ಕೆಲಸ ಎಳೆದಾಡಿತು, ಹಣ ಸಾಲದಾಯಿತು. ಕೊನೆಗೆ ಗೂಡ್ಸ್ ಗಾಡಿಗಳು ಓಡಾಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರ್‌ನಲ್ಲಿ. ಹತ್ತು ವರ್ಷಕ್ಕೂ ಮೀರಿ ಇದ್ದ ರೈಲೂ ಇಲ್ಲದೆ ಕರಾವಳಿಯ ಜನ ರಾತ್ರಿ ಬಸ್ಸಿನಲ್ಲೇ ಓಡಾಡಿದರು. ಆ ಅವಧಿಯಲ್ಲಿ ಕಾಲೇಜು, ಕೆಲಸ ಎಂದು ಬೆಂಗಳೂರು ಸೇರಿದ ಒಂದಿಡೀ ತಲೆಮಾರಿಗೆ ಮೀಟರ್ ಗೇಜ್ ರೈಲಿನ ಪರಿಚಯವೇ ಇಲ್ಲ.

ಇದು ರೈಲ್ವೆಯದ್ದೋ, ಕಂಪನಿಯದ್ದೋ?

ನಿಂತುಹೋಗಿದ್ದ ಗೇಜ್ ಪರಿವರ್ತನೆಗೆ ಹಣ ಹೊಂದಿಸಲು 2003ರಲ್ಲಿ ಹಾಸನ ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಹುಟ್ಟಿತು. ರೈಲ್ವೆ ಸಚಿವಾಲಯ, ಕರ್ನಾಟಕ ಸರ್ಕಾರ, ನವಮಂಗಳೂರು ಬಂದರು ಮತ್ತು ಗಣಿ ಉದ್ಯಮದವರು ಇದರಲ್ಲಿ ಪಾಲುದಾರರು. ರೈಲು ಓಡಿಸುವುದು, ಹಳಿ ನೋಡಿಕೊಳ್ಳುವುದು ಎಲ್ಲ ರೈಲ್ವೆಯೇ. ಟಿಕೆಟ್, ನಿಯಮ, ದೂರು ಯಾವುದರಲ್ಲೂ ಪ್ರಯಾಣಿಕರಿಗೆ ವ್ಯತ್ಯಾಸವಿಲ್ಲ.

ಆಡಳಿತದ ಗಡಿ ಮಾತ್ರ ತಲೆನೋವಿನದ್ದು. ಹಾಸನ, ಸಕಲೇಶಪುರ, ಪುತ್ತೂರಿನ ಭಾಗವೆಲ್ಲ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದೆ. ಮಂಗಳೂರು ಸೆಂಟ್ರಲ್ ಮತ್ತು ಮಂಗಳೂರು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದವು. ಉತ್ತರಕ್ಕೆ ತೋಕೂರು ದಾಟಿದರೆ ಕೊಂಕಣ ರೈಲ್ವೆ. ಹೀಗಾಗಿ ಬೆಂಗಳೂರಿನಿಂದ ಕಾರವಾರಕ್ಕೆ ಹೊಸ ರೈಲು ಬೇಕೆಂದರೆ ಮೂರು ಕಚೇರಿಗಳು ಹೂಂ ಅನ್ನಬೇಕು. ಮಂಗಳೂರನ್ನು ಮೈಸೂರು ವಿಭಾಗಕ್ಕೆ ಸೇರಿಸಿ ಎಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು ಎಂದೇ ನನ್ನ ನಂಬಿಕೆ.

ಘಾಟಿಯಲ್ಲಿ ರೈಲು ಇಷ್ಟು ನಿಧಾನ ಯಾಕೆ? ಬಸ್ಸೇ ವಾಸಿಯಲ್ಲವೇ?

ಘಾಟಿಯಲ್ಲಿ ವೇಗದ ಮಿತಿ ಗಂಟೆಗೆ 30 ಕಿ.ಮೀ. ಎದುರಿನ ಗಾಡಿಗೆ ಕಾಯುವ ಕ್ರಾಸಿಂಗ್, ಇಂಜಿನ್ ಜೋಡಣೆ ಸೇರಿದರೆ 55 ಕಿ.ಮೀ. ದಾಟಲು ಎರಡು ಗಂಟೆಗೂ ಮೀರುತ್ತದೆ.

ಕಾರಣ ಸರಳ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಸುಬ್ರಹ್ಮಣ್ಯ ರೋಡ್ ಘಟ್ಟದ ಬುಡದಲ್ಲಿದೆ. ಈ ಎತ್ತರವನ್ನು ಹಳಿ ಇಳಿಯುವುದು 50ಕ್ಕೆ 1ರ ಇಳಿಜಾರಿನಲ್ಲಿ. ಎಂದರೆ 50 ಮೀಟರ್ ಹೋದರೆ ಒಂದು ಮೀಟರ್ ಇಳಿತ. ಘಾಟಿ ರಸ್ತೆಯಲ್ಲಿ ಕಾರು ಓಡಿಸಿದವರಿಗೆ ಇದು ಏನೂ ಅಲ್ಲ ಅನಿಸಬಹುದು. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಸಿಗುವ ಹಿಡಿತ, ಟಾರಿನ ಮೇಲೆ ಟೈರಿಗೆ ಸಿಗುವ ಹಿಡಿತದ ಸಣ್ಣ ಪಾಲು. ಅದರ ಮೇಲೆ ನೂರಕ್ಕೂ ಹೆಚ್ಚು ಕಡಿದಾದ ತಿರುವು, 57 ಸುರಂಗ, ನೂರಕ್ಕೂ ಮೀರಿದ ಸೇತುವೆ. ಹೋಲಿಕೆಗೆ ಕೊಂಕಣ ರೈಲ್ವೆಯನ್ನು ತೆಗೆದುಕೊಳ್ಳಿ. ಸುರಂಗಗಳಿಗೆ ಹೆಸರಾದ ಆ ಇಡೀ ಮಾರ್ಗದ 740 ಕಿ.ಮೀ. ಉದ್ದಕ್ಕೆ ಸುರಂಗಗಳು ತೊಂಬತ್ತರ ಆಸುಪಾಸು. ಇಲ್ಲಿ 55 ಕಿ.ಮೀ.ಗೇ 57.

ಬಸ್ಸು ಬೇಗ ತಲುಪುತ್ತದೆ, ನಿಜ. ಆದರೆ ಮಕ್ಕಳು, ವಯಸ್ಸಾದವರು, ಶಿರಾಡಿ ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳಸುವವರು ಯಾಕೆ ರೈಲನ್ನೇ ಹುಡುಕುತ್ತಾರೆಂದು ಒಮ್ಮೆ ಸ್ಲೀಪರ್ ಬೋಗಿಯಲ್ಲಿ ಕಾಲು ಚಾಚಿ ಮಲಗಿದವರಿಗೆ ಹೇಳಬೇಕಾಗಿಲ್ಲ.

ರೈಲಿನ ಹಿಂದೆಯೂ ಇಂಜಿನ್ ಜೋಡಿಸುತ್ತಾರಲ್ಲ, ಅದು ಯಾಕೆ?

ಈ ಮಾರ್ಗವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಪ್ರಶ್ನೆಯಿಲ್ಲ. ಆ ಇಂಜಿನ್‌ಗಳಿಗೆ ಬ್ಯಾಂಕರ್ ಎನ್ನುತ್ತಾರೆ. ಮಂಗಳೂರಿನ ಕಡೆಯಿಂದ ಬಂದ ಗಾಡಿ ಸುಬ್ರಹ್ಮಣ್ಯ ರೋಡಿನಲ್ಲಿ ನಿಂತಾಗ ಕೊನೆಯ ಬೋಗಿಯಲ್ಲಿ ಕೂತಿದ್ದರೆ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಇಂಜಿನ್ ಅಡಿಯಡಿಯಾಗಿ ಹತ್ತಿರ ಬರುತ್ತದೆ. ಬೋಗಿಗೂ ಇಂಜಿನ್ನಿಗೂ ನಡುವಿನ ಕೊಂಡಿ, ಎಂದರೆ ಕಪ್ಲರ್ ಕಚ್ಚಿಕೊಂಡಾಗ ಒಂದು ಸಣ್ಣ ಹೊಡೆತ, ಸೀಟಿನವರೆಗೂ ಗೊತ್ತಾಗುತ್ತದೆ. ಸಿಬ್ಬಂದಿ ಎರಡು ವಾಹನಗಳ ನಡುವೆ ಇಳಿದು ಬ್ರೇಕ್ ಪೈಪ್ ಸೇರಿಸುತ್ತಾರೆ, ಗಾಳಿ ತುಂಬುವ ಸುಯ್ ಶಬ್ದ ಕೇಳಿಸುತ್ತದೆ. ಮುಂದಿನ ಲೋಕೋ ಪೈಲಟ್, ಹಿಂದಿನ ಲೋಕೋ ಪೈಲಟ್, ಗಾರ್ಡ್ ಮೂವರೂ ವಾಕಿಟಾಕಿಯಲ್ಲಿ ಮಾತಾಡಿಕೊಂಡ ಮೇಲೆಯೇ ಗಾಡಿ ಅಲುಗುವುದು.

ಈಗ ಲೆಕ್ಕ ನೋಡಿ. 50ಕ್ಕೆ 1ರ ಏರಿನಲ್ಲಿ ಪ್ರತಿ ಟನ್ ತೂಕವನ್ನು ಹಿಂದಕ್ಕೆ ಜಾರದಂತೆ ಹಿಡಿಯಲು 20 ಕಿಲೋ ಎಳೆತ ಬೇಕು. ಗಾಡಿಯ ಒಟ್ಟು ತೂಕ 4,000 ಟನ್ ಎಂದಿಟ್ಟುಕೊಂಡರೆ ಬರೀ ಇಳಿಜಾರಿನ ವಿರುದ್ಧವೇ 80 ಟನ್ ಎಳೆತ. ತಿರುವಿನ ಘರ್ಷಣೆ ಬೇರೆ. 4,000 ಅಶ್ವಶಕ್ತಿಯ ಡೀಸೆಲ್ ಇಂಜಿನ್ ಹೊರಡುವಾಗ ಕೊಡಬಲ್ಲ ಗರಿಷ್ಠ ಎಳೆತ 55 ಟನ್ ಆಸುಪಾಸು, ಓಡುವಾಗ ಅದಕ್ಕಿಂತ ಕಡಿಮೆ. ಮಳೆಯಲ್ಲಿ ಹಳಿ ಒದ್ದೆಯಾದರೆ ಇನ್ನೂ ಕಡಿಮೆ. ಚಕ್ರ ಜಾರದಿರಲಿ ಎಂದು ಇಂಜಿನ್ನಿನಿಂದಲೇ ಹಳಿಯ ಮೇಲೆ ಮರಳು ಉದುರಿಸುವ ಏರ್ಪಾಡಿದೆ. ಆದ್ದರಿಂದ ಒಂದು ಇಂಜಿನ್‌ನಿಂದ ಆಗುವ ಕೆಲಸವಲ್ಲ ಇದು.

ಎಲ್ಲ ಇಂಜಿನ್‌ಗಳನ್ನೂ ಮುಂದೆಯೇ ಕಟ್ಟಬಹುದಲ್ಲ ಎಂದರೆ, ಆಗ ಇಡೀ ಗಾಡಿಯ ಭಾರ ಮೊದಲ ವ್ಯಾಗನ್ನಿನ ಕಪ್ಲರ್ ಮೇಲೆ ಬೀಳುತ್ತದೆ. ಅದು ಮುರಿದರೆ ಉಳಿದ ವ್ಯಾಗನ್‌ಗಳು ಇಳಿಜಾರಿನಲ್ಲಿ ನಿಲ್ಲಬೇಕಾದದ್ದು ಬ್ರೇಕ್ ಒಂದನ್ನೇ ನಂಬಿ. ಅದಕ್ಕಾಗಿ ಅರ್ಧ ಭಾರವನ್ನು ಮುಂದಿನಿಂದ ಎಳೆದು, ಅರ್ಧವನ್ನು ಹಿಂದಿನಿಂದ ತಳ್ಳುತ್ತಾರೆ. ನಡುವೆ ಎಲ್ಲೋ ಒಂದು ಕಡೆ ಎಳೆತ ಮುಗಿದು ತಳ್ಳು ಶುರುವಾಗುತ್ತದೆ. ತಿರುವಿನಲ್ಲಿ ಹಿಂದಿನವರು ಅತಿಯಾಗಿ ತಳ್ಳಿದರೆ ವ್ಯಾಗನ್ ಹಳಿಯಿಂದ ಹೊರಕ್ಕೆ ಒತ್ತಿಕೊಳ್ಳುತ್ತದೆ. ಮುಂದಿನ ಇಂಜಿನ್ ಸುರಂಗದೊಳಗೆ, ಹಿಂದಿನದು ಇನ್ನೊಂದು ತಿರುವಿನಲ್ಲಿ. ಒಬ್ಬರಿಗೊಬ್ಬರು ಕಾಣದೆ ಒಂದೇ ಹದದಲ್ಲಿ ಓಡಿಸುವುದು ವರ್ಷಗಳ ಅನುಭವದಿಂದಷ್ಟೇ ಬರುವ ವಿದ್ಯೆ. ಘಾಟಿ ಓಡಿಸುವ ಸಿಬ್ಬಂದಿಯ ಬಗ್ಗೆ ನನಗಿರುವ ಗೌರವ ಇದರಿಂದಲೇ ಬಂದದ್ದು.

ಇಳಿಯುವಾಗಲಾದರೂ ಸುಲಭವಲ್ಲವೇ?

ಅಲ್ಲ, ಇಳಿಯುವುದೇ ಹೆಚ್ಚು ಅಪಾಯದ್ದು. ಹತ್ತುವಾಗ ಶಕ್ತಿ ಸಾಲದಿದ್ದರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಇಳಿಯುವಾಗ ಹಿಡಿತ ತಪ್ಪಿದರೆ ನಿಲ್ಲಿಸುವುದು ಕಷ್ಟ. ಅದಕ್ಕೇ ಘಾಟಿಗೆ ಇಳಿಯುವ ಮೊದಲು ಬ್ರೇಕ್ ಪರೀಕ್ಷೆಯಾಗದೆ ಗಾಡಿ ಹೊರಡುವುದಿಲ್ಲ. ಇಂಜಿನ್ನಿನ ಮೋಟಾರುಗಳನ್ನೇ ಜನರೇಟರಿನಂತೆ ದುಡಿಸಿ ಚಕ್ರದ ಓಟ ತಗ್ಗಿಸುವ ಡೈನಾಮಿಕ್ ಬ್ರೇಕ್, ಜೊತೆಗೆ ಪ್ರತಿ ಬೋಗಿಯ ಗಾಳಿ ಬ್ರೇಕ್, ಎರಡನ್ನೂ ಹದವಾಗಿ ಬಳಸುತ್ತ ಇಳಿಸುತ್ತಾರೆ. ಕಿಟಕಿಯ ಹೊರಗೆ ಕಮಟು ವಾಸನೆ ಬಂದರೆ ಗಾಬರಿ ಬೇಡ. ಬ್ರೇಕ್ ಬ್ಲಾಕ್ ಬಿಸಿಯಾದ ವಾಸನೆ ಅದು.

ಗೂಡ್ಸ್ ಗಾಡಿಗಳಲ್ಲಿ ಹೋಗುವುದೇನು?

ಮಾರ್ಗ ಬ್ರಾಡ್ ಗೇಜ್ ಆದ ಹೊತ್ತಿಗೆ ಎಲ್ಲರ ಕಣ್ಣಿದ್ದದ್ದು ಕಬ್ಬಿಣದ ಅದಿರಿನ ಮೇಲೆ. ಬಳ್ಳಾರಿ–ಹೊಸಪೇಟೆ ಕಡೆಯ ಅದಿರು ಪಣಂಬೂರಿಗೆ ಇಳಿದು ಹಡಗು ಹತ್ತುತ್ತಿತ್ತು. 2005ರ ಕೊನೆಗೆ ಕುದುರೆಮುಖದ ಗಣಿ ಮುಚ್ಚಿತು. ಅಲ್ಲಿಯ ಅದಿರು ರೈಲಿನಲ್ಲಿ ಬರುತ್ತಿರಲಿಲ್ಲ, ಕೊಳವೆಯಲ್ಲಿ ನೀರಿನ ಜೊತೆ ಹರಿದು ಬರುತ್ತಿತ್ತು. ಗಣಿ ಮುಚ್ಚಿದ ಮೇಲೆ ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಪಣಂಬೂರಿನ ಕಾರ್ಖಾನೆಗೆ ಹೊರಗಿನಿಂದ ಅದಿರು ತರಬೇಕಾಯಿತು.

ಆದರೆ ಅದಿರಿನ ಭರಾಟೆ ಬಹಳ ಕಾಲ ಉಳಿಯಲಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು, ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ರಫ್ತಿನ ಮೇಲಿನ ನಿರ್ಬಂಧವನ್ನು ಕೋರ್ಟ್ ಸಡಿಲಿಸಿದ್ದು 2022ರ ಮೇ ತಿಂಗಳಲ್ಲಿ. ಗಣಿ ರಾಜಕೀಯದ ಏರಿಳಿತ ಸುಬ್ರಹ್ಮಣ್ಯ ರೋಡಿನಲ್ಲಿ ನಿಂತು ಗಾಡಿ ಎಣಿಸಿದವರಿಗೂ ಗೊತ್ತಾಗುತ್ತಿತ್ತು.

ಅದಿರು ಬಿಟ್ಟರೆ ಬಂದರಿನಿಂದ ಮೇಲಕ್ಕೆ ಹತ್ತುವ ಕಲ್ಲಿದ್ದಲು ಮತ್ತು ರಸಗೊಬ್ಬರ ಮುಖ್ಯ. ಹತ್ತುವ ದಿಕ್ಕಿನ ಭಾರದ ಗಾಡಿಗಳೇ ಘಾಟಿಯನ್ನು ಹೆಚ್ಚು ದಣಿಸುವುದು. ಮುಂಗಾರಿನ ಹೊತ್ತಿಗೆ ನಿಮ್ಮೂರಿನ ಸೊಸೈಟಿಯಲ್ಲಿ ಗೊಬ್ಬರದ ಮೂಟೆ ಸಿಕ್ಕಿದ್ದರೆ ಅದು ಎರಡು ಮೂರು ಇಂಜಿನ್‌ಗಳ ಬಲದಲ್ಲಿ ಈ ಘಾಟಿ ಹತ್ತಿ ಬಂದಿರುವ ಸಾಧ್ಯತೆಯಿದೆ.

ಮಂಗಳೂರಿನಲ್ಲಿ ರಿಫೈನರಿ ಇದೆ. ಪೆಟ್ರೋಲ್, ಗ್ಯಾಸ್ ರೈಲಿನಲ್ಲೇ ಹೋಗುತ್ತದೆಯೇ?

ಬೆಂಗಳೂರಿಗೆ ಹೋಗುವ ಪೆಟ್ರೋಲ್, ಡೀಸೆಲ್‌ನ ದೊಡ್ಡ ಪಾಲು ಮಂಗಳೂರು–ಹಾಸನ–ಬೆಂಗಳೂರು ಕೊಳವೆ ಮಾರ್ಗದಲ್ಲಿ ಹೋಗುತ್ತದೆ. ಅಡುಗೆ ಅನಿಲಕ್ಕೂ ಹಾಸನ, ಮೈಸೂರು ಮೂಲಕ ಬೇರೆ ಕೊಳವೆ ಇದೆ. ಹಾಗಿದ್ದೂ ಶಿರಾಡಿ ರಸ್ತೆಯಲ್ಲಿ ಟ್ಯಾಂಕರ್‌ಗಳ ಸಾಲು ಕಡಿಮೆಯಾಗಿಲ್ಲ.

ನಮ್ಮ ರೈಲನ್ನು ಕಾಡಿನಲ್ಲಿ ನಿಲ್ಲಿಸಿ ಗೂಡ್ಸ್ ಬಿಡುತ್ತಾರಲ್ಲ, ಇದು ನ್ಯಾಯವೇ?

ಮೊದಲು ನಿಲ್ಲುವುದು ಯಾಕೆ ಎಂದು ನೋಡೋಣ. ಘಾಟಿಯಲ್ಲಿ ಸಿಂಗಲ್ ಲೈನ್. ಎದುರುಬದುರಾದ ಗಾಡಿಗಳು ಒಂದನ್ನೊಂದು ದಾಟಲು ಸ್ಟೇಷನ್ನಿನಲ್ಲಿ ಪಕ್ಕದ ಹಳಿ, ಎಂದರೆ ಲೂಪ್ ಲೈನ್ ಬೇಕು. ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ನಡುವೆ ನಾಲ್ಕೇ ಸ್ಟೇಷನ್. ಸರಾಸರಿ 11 ಕಿ.ಮೀ.ಗೊಂದು ಎಂದರೂ 30ರ ವೇಗದಲ್ಲಿ ಒಂದು ಗಾಡಿ ಆ ತುಂಡನ್ನು ಖಾಲಿ ಮಾಡಲು ಇಪ್ಪತ್ತೆರಡು ನಿಮಿಷ, ಸಿಗ್ನಲ್ ಕೆಲಸವೂ ಸೇರಿ ಅರ್ಧ ಗಂಟೆಯ ಹತ್ತಿರ. ಅಷ್ಟು ಹೊತ್ತು ಎದುರಿನವರು ಕಾಯಲೇಬೇಕು, ಅದು ಎಕ್ಸ್‌ಪ್ರೆಸ್ಸಾದರೂ ಸರಿ.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಲೆಕ್ಕವಿದೆ. ಗಾಡಿಯನ್ನು ಮೇಲಕ್ಕೆ ತಳ್ಳಿದ ಬ್ಯಾಂಕರ್ ಇಂಜಿನ್‌ಗಳು ಮುಂದಿನ ಗಾಡಿಗಾಗಿ ಮತ್ತೆ ಕೆಳಕ್ಕೆ ಬರಬೇಕು. ಇಳಿಯುವ ಗಾಡಿಗೆ ಕಟ್ಟಲಾಗದಿದ್ದರೆ ಇಂಜಿನ್ ಒಂದೇ ಬರುತ್ತದೆ. ಅದಕ್ಕೂ ಇದೇ ಹಳಿ, ಇದೇ ಅರ್ಧ ಗಂಟೆ. ಪ್ರಯಾಣಿಕರೂ ಇಲ್ಲದ, ಸರಕೂ ಇಲ್ಲದ ಆ ಓಟ ಒಂದು ರೈಲಿನ ಜಾಗವನ್ನು ತಿನ್ನುತ್ತದೆ. ಹಳಿ ದುರಸ್ತಿಗೆ ದಿನವೂ ಒಂದಿಷ್ಟು ಹೊತ್ತು ಬಿಡಬೇಕು. ಉಳಿದ ಹೊತ್ತಿನಲ್ಲಿ ಎಲ್ಲರೂ ಹಂಚಿಕೊಳ್ಳಬೇಕು.

ಇನ್ನು ನ್ಯಾಯದ ಮಾತು. ಮಾರ್ಗ ಹುಟ್ಟಿದ್ದೇ ಬಂದರಿಗಾಗಿ, ಗೇಜ್ ಪರಿವರ್ತನೆಗೆ ಕಂಪನಿ ಹಣ ಹಾಕಿದ್ದು ಸರಕಿನ ಆದಾಯ ನಂಬಿ. ಗೂಡ್ಸ್ ಬೇಡವೆನ್ನುವುದು ಸರಿಯಲ್ಲ. ಆ ಸರಕು ರೈಲು ಬಿಟ್ಟರೆ ಲಾರಿಯಲ್ಲಿ ಶಿರಾಡಿ ಘಾಟಿ ಹತ್ತುತ್ತದೆ, ಆ ರಸ್ತೆಯ ಗತಿ ನಮಗೆಲ್ಲ ಗೊತ್ತು. ಆದರೆ ಮಂಗಳೂರು, ಉಡುಪಿ, ಪುತ್ತೂರು, ಕುಂದಾಪುರದ ಜನಕ್ಕೆ ರಾಜಧಾನಿಗೆ ಇದೊಂದೇ ನೇರ ಹಳಿ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಹಗಲಲ್ಲಿ ಪ್ರತಿದಿನ ಒಂದು ಬೆಂಗಳೂರು–ಮಂಗಳೂರು ರೈಲು ನಿಗದಿಯಾಗಿ ಓಡಬೇಕು, ಗೂಡ್ಸ್ ವೇಳೆಯನ್ನು ಅದರ ಸುತ್ತ ಹೊಂದಿಸಬೇಕು. ಇದು ಅತಿಯಾದ ಬೇಡಿಕೆ ಅಲ್ಲವೇ ಅಲ್ಲ.

ಪ್ರಯಾಣಿಕರಿಗೆ ಯಾವ ಯಾವ ರೈಲುಗಳಿವೆ?

ರಾತ್ರಿಯ ರೈಲುಗಳೇ ಬೆನ್ನೆಲುಬು. ಬೆಂಗಳೂರು–ಕಣ್ಣೂರು ಎಕ್ಸ್‌ಪ್ರೆಸ್, ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್, ಮೈಸೂರು ಮೂಲಕ ಬರುವ ಬೆಂಗಳೂರು–ಮುರ್ಡೇಶ್ವರ ಎಕ್ಸ್‌ಪ್ರೆಸ್. ಉತ್ತರ ಕರ್ನಾಟಕದವರಿಗೆ ಹುಬ್ಬಳ್ಳಿ, ಅರಸೀಕೆರೆ ಮೂಲಕ ವಿಜಯಪುರ–ಮಂಗಳೂರು ರೈಲಿದೆ. ಹಗಲಿನಲ್ಲಿ ಯಶವಂತಪುರದಿಂದ ಮಂಗಳೂರು ಜಂಕ್ಷನ್ ಮತ್ತು ಕಾರವಾರಕ್ಕೆ ವಾರದ ಬೇರೆ ಬೇರೆ ದಿನ ಹಂಚಿಕೊಂಡು ಓಡುವ ಎಕ್ಸ್‌ಪ್ರೆಸ್‌ಗಳಿವೆ. ವೇಳೆ, ದಿನ ಬದಲಾಗುತ್ತಿರುತ್ತವೆ. ಹೊರಡುವ ಮುನ್ನ ರೈಲ್ವೆಯ ಆ್ಯಪ್‌ನಲ್ಲೋ 139ರಲ್ಲೋ ಖಚಿತಪಡಿಸಿಕೊಳ್ಳಿ.

ಹಬ್ಬಕ್ಕೆ, ವಾರಾಂತ್ಯಕ್ಕೆ ರಾತ್ರಿಯ ಟಿಕೆಟ್ ಬುಕಿಂಗ್ ತೆರೆದ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ದೀಪಾವಳಿ, ಚೌತಿಗೆ ಊರಿಗೆ ಬರುವವರು ತತ್ಕಾಲ್ ನಂಬಿ ಕೂರಬೇಡಿ.

ಮಂಗಳೂರಿನಲ್ಲಿ ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು?

ಟಿಕೆಟ್ ನೋಡಿ. ಸೆಂಟ್ರಲ್ ಊರಿನ ಒಳಗಿದೆ. ಹಳಬರು ಇಂದಿಗೂ ಕಂಕನಾಡಿ ಎನ್ನುವುದು ಮಂಗಳೂರು ಜಂಕ್ಷನ್‌ಗೆ, ಅದು ಪಡೀಲ್ ಕಡೆ. ಪಂಚಗಂಗಾ ಎರಡಕ್ಕೂ ಹೋಗದೆ ಪಡೀಲಿನಲ್ಲಿ ಬೈಪಾಸ್ ಹಿಡಿದು ಸುರತ್ಕಲ್ ಕಡೆಗೆ ಹೊರಟುಬಿಡುತ್ತದೆ. ಆ ರೈಲಿನಲ್ಲಿ ಮಂಗಳೂರಿಗೆ ಬರುವವರು ಬಂಟ್ವಾಳದಲ್ಲೋ ಸುರತ್ಕಲ್‌ನಲ್ಲೋ ಇಳಿದು ಬಸ್ಸು ಹಿಡಿಯಬೇಕು.

ಕುಕ್ಕೆ, ಧರ್ಮಸ್ಥಳಕ್ಕೆ?

ಕುಕ್ಕೆಗೆ ಸುಬ್ರಹ್ಮಣ್ಯ ರೋಡ್. ಸ್ಟೇಷನ್ ದೇವಸ್ಥಾನದ ಪಕ್ಕದಲ್ಲಿಲ್ಲ, ನೆಟ್ಟಣದಿಂದ ಬಸ್ಸೋ ಜೀಪೋ ಹಿಡಿಯಬೇಕು. ನಸುಕಿನಲ್ಲಿ ಇಳಿಯುವವರು ನಾಲ್ಕು ಜನ ಸೇರಿ ಜೀಪ್ ಮಾಡಿಕೊಂಡರೆ ಹಗುರ. ಧರ್ಮಸ್ಥಳಕ್ಕೂ ಇಲ್ಲಿಂದ ಬಸ್ಸಿನಲ್ಲಿ ಹೋಗಬಹುದು. ಬಂಟ್ವಾಳ, ಪುತ್ತೂರಿನಿಂದಲೂ ಆಗುತ್ತದೆ.

ಪುತ್ತೂರು, ಸುಬ್ರಹ್ಮಣ್ಯ ಕಡೆಯಿಂದ ಮಂಗಳೂರಿಗೆ ದಿನವೂ ಕೆಲಸಕ್ಕೆ ಹೋಗುವವರಿಗೆ ಲೋಕಲ್ ರೈಲು ಇದೆಯೇ?

ಪ್ಯಾಸೆಂಜರ್ ಇದೆ. ಮಂಗಳೂರು–ಕಬಕ ಪುತ್ತೂರು ನಡುವೆ ಓಡುತ್ತಿದ್ದುದನ್ನು ಸುಬ್ರಹ್ಮಣ್ಯ ರೋಡಿನವರೆಗೆ ವಿಸ್ತರಿಸಿ ಎಂದು ವರ್ಷಗಟ್ಟಲೆ ಮನವಿ ಕೊಟ್ಟ ಮೇಲೆ, 2025ರ ಏಪ್ರಿಲ್‌ನಲ್ಲಿ ಅದು ಆಯಿತು. ಕಾಣಿಯೂರು, ಎಡಮಂಗಲದಂಥ ಊರಿನ ವಿದ್ಯಾರ್ಥಿಗಳಿಗೆ, ಮಂಗಳೂರಿನ ಆಸ್ಪತ್ರೆಗೆ ಹೋಗುವ ರೋಗಿಗಳಿಗೆ ಇದು ದೊಡ್ಡ ಆಸರೆ. ಬಸ್ಸಿನ ದರದ ಸಣ್ಣ ಪಾಲಿನಲ್ಲಿ ಮಂಗಳೂರು ಮುಟ್ಟಬಹುದು. ಘಾಟಿಯ ವೈಭವಕ್ಕೆ ಸಿಗುವ ಪ್ರಚಾರದಲ್ಲಿ ಕಾಲುಭಾಗವಾದರೂ ಈ ಪ್ಯಾಸೆಂಜರ್ ಗಾಡಿಗೆ ಸಿಗಬೇಕಿತ್ತು.

ವಿಸ್ಟಾಡೋಮ್ ಬೋಗಿ ಹಣ ಕೊಟ್ಟಷ್ಟಕ್ಕೆ ಸಾರ್ಥಕವೇ?

ಯಶವಂತಪುರ–ಮಂಗಳೂರು ಹಗಲು ರೈಲುಗಳಿಗೆ 2021ರ ಜುಲೈನಲ್ಲಿ ಈ ಬೋಗಿ ಬಂತು. 44 ಸೀಟು, ಗಾಜಿನ ಮಾಡು, ದೊಡ್ಡ ಕಿಟಕಿ, ತಿರುಗುವ ಕುರ್ಚಿ. ಮಳೆ ಬಿಟ್ಟ ತಿಂಗಳುಗಳಲ್ಲಿ, ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ಹೋದರೆ ಖಂಡಿತ ಸಾರ್ಥಕ. ಝರಿಗಳಲ್ಲಿ ನೀರಿರುತ್ತದೆ, ಮಂಜು ಕಣಿವೆ ಮುಚ್ಚಿರುವುದಿಲ್ಲ. ಬೇಸಿಗೆಯಲ್ಲಾದರೆ ಅಷ್ಟು ದುಡ್ಡು ಬೇಡ, ಸಾಮಾನ್ಯ ಬೋಗಿಯ ತೆರೆದ ಕಿಟಕಿಯೇ ಚೆಂದ. ಸುರಂಗದೊಳಗಿನ ತಂಪು, ಇನ್ನೊಂದು ತುದಿಯಲ್ಲಿ ಹೊರಬಿದ್ದ ಕೂಡಲೇ ಬರುವ ಒದ್ದೆ ಎಲೆಯ ವಾಸನೆ ಗಾಜಿನ ಹಿಂದೆ ಕೂತವರಿಗೆ ಸಿಗುವುದಿಲ್ಲ.

ಬಾಗಿಲಲ್ಲಿ ಜೋತಾಡುವುದು ಮಾತ್ರ ಬೇಡ. ಸುರಂಗದ ಗೋಡೆ ನೀವು ಅಂದುಕೊಂಡದ್ದಕ್ಕಿಂತ ಹತ್ತಿರವಿರುತ್ತದೆ.

ಎಡಕುಮೇರಿಗೆ ಹಳಿಯ ಮೇಲೆ ಟ್ರೆಕ್ಕಿಂಗ್ ಹೋಗಬಹುದೇ?

ಹೋಗಬಾರದು. ಗೇಜ್ ಪರಿವರ್ತನೆಗಾಗಿ ಹಳಿ ಖಾಲಿಯಿದ್ದ ವರ್ಷಗಳಲ್ಲಿ ದೋಣಿಗಲ್‌ನಿಂದ ಎಡಕುಮೇರಿಗೆ ನಡೆಯುವುದು ಚಾರಣಿಗರ ಮೆಚ್ಚಿನ ದಾರಿಯಾಯಿತು, ಹೆಸರು ಹಾಗೆಯೇ ಉಳಿಯಿತು. ಈಗ ಅಲ್ಲಿ ಹಗಲೂ ರಾತ್ರಿ ಗಾಡಿ ಓಡುತ್ತದೆ. ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಹಳಿಯ ಮೇಲೆ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ ಇದೆ.

ಕಾನೂನಿನ ಮಾತು ಬಿಡಿ. ಇಳಿಜಾರಿನಲ್ಲಿ ಇಂಜಿನ್ ಸದ್ದು ಮೊದಲೇ ಕೇಳುತ್ತದೆ ಎಂಬ ಭರವಸೆ ಬೇಡ. ತಿರುವು, ಸುರಂಗ, ಝರಿಯ ಭೋರ್ಗರೆತದ ನಡುವೆ ಕೇಳುವುದಿಲ್ಲ. ಸೇತುವೆಯ ನಡುಮಧ್ಯೆ ಸಿಕ್ಕಿಹಾಕಿಕೊಂಡವರಿಗಾಗಿ ಲೋಕೋ ಪೈಲಟ್ ಥಟ್ಟನೆ ನಿಲ್ಲಿಸಲೂ ಆಗುವುದಿಲ್ಲ. ಎಡಕುಮೇರಿ ಸ್ಟೇಷನ್ ಕಾಡಿನ ಒಳಗಿದೆ. ಅಲ್ಲಿಯ ಸಿಬ್ಬಂದಿ ಹೋಗಿಬರುವುದು, ದಿನಸಿ ತರಿಸಿಕೊಳ್ಳುವುದು, ಕಾಯಿಲೆಯಾದರೆ ಹೊರಡುವುದು ಎಲ್ಲ ರೈಲನ್ನೇ ನಂಬಿ. ಯಾರೋ ಬಿದ್ದು ಕಾಲು ಮುರಿದುಕೊಂಡರೆ ತಮ್ಮ ಕೆಲಸ ಬಿಟ್ಟು ಎತ್ತಿಕೊಂಡು ಓಡಬೇಕಾದವರು ಅವರೇ. ಪಶ್ಚಿಮ ಘಟ್ಟದಲ್ಲಿ ನಡೆಯಲು ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗುವ ದಾರಿಗಳು ಬೇಕಾದಷ್ಟಿವೆ.

ಪ್ರತಿ ಮಳೆಗಾಲ ಗುಡ್ಡ ಯಾಕೆ ಜರಿಯುತ್ತದೆ? ಸರಿಪಡಿಸಲು ಆಗುವುದಿಲ್ಲವೇ?

ಪ್ರತಿ ವರ್ಷವೂ ದೊಡ್ಡದಾಗಿ ಜರಿಯುವುದಿಲ್ಲ. ಜರಿದಾಗ ಮಾತ್ರ ದಿನಗಟ್ಟಲೆ ರೈಲು ಬಂದ್. 2018ರ ಆಗಸ್ಟ್‌ನಲ್ಲಿ, ಕೊಡಗಿನಲ್ಲಿ ದುರಂತವಾದ ಅದೇ ಮಳೆಗೆ, ಘಾಟಿಯ ಹಲವು ಕಡೆ ಮಣ್ಣು ಕುಸಿದು ಒಂದು ತಿಂಗಳಿಗೂ ಹೆಚ್ಚು ರೈಲು ನಿಂತಿತು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕಣಿವೆಗೆ ಜಾರಿತು; ಸರಿಮಾಡಿ ಪ್ರಯಾಣಿಕರ ರೈಲು ಬಿಡಲು ಎರಡು ವಾರದ ಹತ್ತಿರವಾಯಿತು. ಅದು ಮುಗಿಯಿತು ಎನ್ನುವಷ್ಟರಲ್ಲಿ ಸಕಲೇಶಪುರ–ಬಾಳ್ಳುಪೇಟೆ ನಡುವೆ ಇನ್ನೊಂದು ಕುಸಿತ.

ಜರಿತದಲ್ಲಿ ಎರಡು ಬಗೆ. ಮೇಲಿನಿಂದ ಬಂಡೆ, ಮಣ್ಣು, ಮರ ಹಳಿಯ ಮೇಲೆ ಬೀಳುವುದು ಒಂದು. ಇದನ್ನು ಯಂತ್ರ ತಂದು ತೆಗೆಯಬಹುದು, ಬಲೆ ಕಟ್ಟಿ ತಡೆಯಬಹುದು. ಹಳಿಯ ಬುಡವೇ ಕೆಳಕ್ಕೆ ಹೋಗುವುದು ಇನ್ನೊಂದು, ಕಷ್ಟದ್ದು. ನಿಲ್ಲಿಸಲು ನೆಲವೇ ಇಲ್ಲದ ಕಡೆ ಕಲ್ಲಿನ ಚೀಲ, ತಂತಿಬುಟ್ಟಿಯ ಗೋಡೆಗಳನ್ನು ಬುಡದಿಂದ ಕಟ್ಟಿಕೊಂಡು ಬರಬೇಕು. ಅಲ್ಲಿಗೆ ರಸ್ತೆಯಿಲ್ಲ. ಜಲ್ಲಿ, ಯಂತ್ರ, ಜನ ಎಲ್ಲ ಹಳಿಯ ಮೇಲೆಯೇ ಬರಬೇಕು, ಅದೂ ಸುರಿಯುವ ಮಳೆಯಲ್ಲಿ.

ಮಳೆಗಾಲದ ರಾತ್ರಿ ನೀವು ಮಲಗಿರುವಾಗ ಪ್ಯಾಟ್ರೋಲ್‌ಮನ್‌ಗಳು ಟಾರ್ಚು, ಎಚ್ಚರಿಕೆಯ ಪಟಾಕಿ ಹಿಡಿದು ಈ ಹಳಿಯ ಮೇಲೆ ನಡೆಯುತ್ತಿರುತ್ತಾರೆ. ಜಿಗಣೆ, ಆನೆ, ಸುರಂಗದ ಬಾಯಲ್ಲಿ ಧುಮ್ಮಿಕ್ಕುವ ನೀರು ಎಲ್ಲವನ್ನೂ ದಾಟಿ ಅವರು ಸರಿ ಇದೆ ಎಂದ ಮೇಲೆಯೇ ರೈಲು ಮುಂದೆ ಹೋಗುವುದು. ರೈಲು ಎರಡು ಗಂಟೆ ತಡವಾಯಿತು ಎಂದು ಸಿಟ್ಟಾಗುವ ಮುನ್ನ ಇದನ್ನು ಯೋಚಿಸಿ ಎಂದು ನಾನು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ವಿದ್ಯುದ್ದೀಕರಣದಿಂದ ಏನು ಬದಲಾವಣೆ? ಇನ್ನು ರೈಲು ಬೇಗ ಹೋಗುತ್ತದೆಯೇ?

ಘಾಟಿಯಲ್ಲಿ ತಂತಿ ಎಳೆಯುವ ಕೆಲಸಕ್ಕಾಗಿ 2025ರ ಜೂನ್‌ನಿಂದ ತಿಂಗಳುಗಟ್ಟಲೆ ಹಗಲು ರೈಲುಗಳನ್ನು ನಿಲ್ಲಿಸಿದ್ದರು. ಬಂಡೆಯಲ್ಲಿ ಕಂಬ ನಿಲ್ಲಿಸುವುದು, ಸುರಂಗದ ಮಾಡಿಗೆ ತಂತಿ ಕಟ್ಟುವುದು ರೈಲು ಓಡುತ್ತಿರುವಾಗ ಆಗುವ ಕೆಲಸವಲ್ಲ.

ಘಾಟಿಯ ವೇಗ ಇದರಿಂದ ಏರುವುದಿಲ್ಲ. ಇಳಿಜಾರೂ ತಿರುವೂ ಅವೇ, ಮಿತಿಯೂ ಅದೇ. ಲಾಭ ಬೇರೆ ಕಡೆಯಿದೆ. ದಾರಿಯುದ್ದಕ್ಕೂ ತಂತಿಯಿದ್ದರೆ ನಡುವೆ ಇಂಜಿನ್ ಬದಲಿಸುವ ರಗಳೆಯಿಲ್ಲ. ವಿದ್ಯುತ್ ಇಂಜಿನ್‌ಗಳ ಶಕ್ತಿ ಹೆಚ್ಚು, ಬ್ಯಾಂಕರ್ ಸಂಖ್ಯೆ ಕಡಿಮೆಯಾದರೆ ಖಾಲಿ ಇಂಜಿನ್‌ಗಳ ಓಡಾಟವೂ ಕಡಿಮೆಯಾಗಿ ಹಳಿಯಲ್ಲಿ ಜಾಗ ಸಿಗುತ್ತದೆ. ಇಳಿಯುವಾಗ ಬ್ರೇಕ್ ಹಾಕಿ ಹುಟ್ಟಿದ ವಿದ್ಯುತ್ತನ್ನು ತಂತಿಗೇ ವಾಪಸು ಕೊಡಬಹುದು. ಸುರಂಗದೊಳಗೆ ಹೊಗೆ ತಪ್ಪುತ್ತದೆ. ಹಿಂದಿನ ಬ್ಯಾಂಕರ್‌ನಲ್ಲಿ ಕೂತ ಸಿಬ್ಬಂದಿ ಮುಂದಿನ ಇಂಜಿನ್‌ಗಳ ಡೀಸೆಲ್ ಹೊಗೆಯನ್ನೇ ಉಸಿರಾಡಬೇಕಾದ ಕಷ್ಟಕ್ಕೆ ಕೊನೆ ಬಂದರೆ ಅಷ್ಟೇ ಸಾಕು, ಖರ್ಚು ಸಾರ್ಥಕ.

ಜೋಡಿ ಹಳಿ ಹಾಕಿದರೆ ಎಲ್ಲ ಸರಿಹೋಗುತ್ತದಲ್ಲ?

ಘಾಟಿ ಬಿಟ್ಟು ಉಳಿದ ಕಡೆ ಹಾಕಬಹುದು, ಹಾಕಲೇಬೇಕು. ಘಾಟಿಯಲ್ಲಿ ಎರಡನೇ ಹಳಿ ಎಂದರೆ ಇನ್ನೊಂದು ಸಾಲು ಸುರಂಗ, ಈಗಲೇ ಸಡಿಲವಾಗಿರುವ ಗುಡ್ಡವನ್ನು ಮತ್ತೆ ಅಗೆಯುವುದು, ಕಾಡು ಕಡಿಯುವುದು. ಆನೆ ಓಡಾಡುವ ಕಾಡು ಅದು. ಅದಕ್ಕೆ ಕೈಹಾಕುವ ಮುನ್ನ ಸ್ಟೇಷನ್‌ಗಳ ಲೂಪ್ ಲೈನ್ ಉದ್ದ ಮಾಡುವುದು, ಸಿಗ್ನಲ್ ಸುಧಾರಿಸುವುದು, ಬ್ಯಾಂಕರ್‌ಗಳ ಓಡಾಟ ತಗ್ಗಿಸುವುದು ಇವುಗಳಿಂದ ಎಷ್ಟು ಜಾಗ ಹೊರಡುತ್ತದೆಂದು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಕರಾವಳಿಯವನಾಗಿ ಹೆಚ್ಚು ರೈಲು ಬೇಕೆಂಬ ಆಸೆ ನನಗೂ ಇದೆ, ಆದರೆ ಗುಡ್ಡದ ಮೈ ಕೆರೆದು ಅಲ್ಲ.

ಗುಡ್ಡ ಜರಿದು ರೈಲು ರದ್ದಾದರೆ ಟಿಕೆಟ್ ಹಣ ಬರುತ್ತದೆಯೇ?

ರೈಲ್ವೆಯೇ ರೈಲು ರದ್ದು ಮಾಡಿದರೆ ಪೂರ್ತಿ ಹಣ ವಾಪಸು. ಆನ್‌ಲೈನ್ ಟಿಕೆಟ್ ಆದರೆ ನೀವೇನೂ ಮಾಡಬೇಕಿಲ್ಲ, ಹಣ ತಾನಾಗಿ ಖಾತೆಗೆ ಬರುತ್ತದೆ. ಕೌಂಟರಿನಲ್ಲಿ ತೆಗೆದ ಟಿಕೆಟ್ ಆದರೆ ಹೊರಡುವ ದಿನದಿಂದ ಮೂರು ದಿನದೊಳಗೆ ಕೌಂಟರಿಗೆ ಕೊಟ್ಟು ಹಣ ಪಡೆಯಬೇಕು.

ಕೆಲವೊಮ್ಮೆ ರೈಲನ್ನು ಪೂರ್ತಿ ರದ್ದು ಮಾಡದೆ ಬೇರೆ ದಾರಿಯಲ್ಲಿ ತಿರುಗಿಸುತ್ತಾರೆ, ಇಲ್ಲವೇ ಸಕಲೇಶಪುರದಲ್ಲೋ ಸುಬ್ರಹ್ಮಣ್ಯ ರೋಡಿನಲ್ಲೋ ನಿಲ್ಲಿಸಿಬಿಡುತ್ತಾರೆ. ಆಗ ಬಸ್ಸಿನ ವ್ಯವಸ್ಥೆ ಮಾಡಿದ್ದಾರೆಯೇ ಎಂದು ಮೊದಲು ಸ್ಟೇಷನ್ ಮಾಸ್ಟರ್ ಬಳಿ ವಿಚಾರಿಸಿ. ಶಿರಾಡಿ ರಸ್ತೆಯೂ ಅದೇ ಮಳೆಗೆ ಬಂದ್ ಆಗಿರಬಹುದು, ಹಾಗಾಗಿ ಖಾಸಗಿ ಕಾರು ಗೊತ್ತುಮಾಡುವ ಮೊದಲು ರಸ್ತೆಯ ಸ್ಥಿತಿ ಕೇಳಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪರೀಕ್ಷೆ, ವಿಮಾನ, ಆಸ್ಪತ್ರೆಯ ದಿನಾಂಕ ಇರುವವರು ಒಂದು ದಿನ ಮುಂಚೆ ಹೊರಡುವುದು ಕ್ಷೇಮ.